ಅಪ್‌ಡೇಟಿನ ಬಳಿಕ ಪರದೆ ಕೈಕೊಟ್ಟರೆ

(ಕನ್ನಡ ಮಾಧ್ಯಮ ಅಧ್ಯಾಪಕರ ತರಬೇತಿ ಶಿಬಿರಕ್ಕಾಗಿ ಸಿದ್ಧಪಡಿಸಿದ ಉಪನ್ಯಾಸ)



ಕಾಸರಗೋಡಿನ ಕಡೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ಹತ್ತನೆಯ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆಗೆ ಉಳಿದಿರುವುದು ಮೂರೇ ದಿನ. ಅಧ್ಯಾಪಿಕೆಯೊಬ್ಬರು ಸಂಜೆ ಲ್ಯಾಪ್‌ಟಾಪನ್ನು ಮುಚ್ಚುವ ಹೊತ್ತಿಗೆ, ಅಪ್‌ಡೇಟ್ ಮಾಡಬೇಕೆ ಎಂದು ಅದು ಕೇಳುತ್ತದೆ. ಅವರು ಒಪ್ಪಿಗೆ ಕೊಟ್ಟು ಮನೆಗೆ ಹೊರಡುತ್ತಾರೆ. ಮರುದಿನ ಬೆಳಿಗ್ಗೆ ಗುಂಡಿ ಒತ್ತಿದರೆ ತಯಾರಕರ ಲಾಂಛನ ಮೂಡಿ ಮರೆಯಾಗುತ್ತದೆ. ಆಮೇಲೆ ಬರಿಯ ಕತ್ತಲೆ. ಒಳಗಿನ ಫ್ಯಾನ್ ತಿರುಗುವ ಸದ್ದು ಕೇಳುತ್ತದೆ, ಆದರೆ ಪರದೆಯಲ್ಲಿ ಒಂದಕ್ಷರವೂ ಇಲ್ಲ. ಸಹಾಯ ಕೇಳಿ ಫೋನ್ ಮಾಡಿದಾಗ ಅವರ ಬಾಯಿಂದ ಹೊರಡುವುದು ಒಂದೇ ಮಾತು: "ಕಂಪ್ಯೂಟರ್ ಹಾಳಾಗಿದೆ." ಆ ಕಡೆಯಿಂದ ಬರುವ ಉತ್ತರವೂ ಒಂದೇ ಮಾತು: "ಹಾಗಾದರೆ ಫಾರ್ಮ್ಯಾಟ್ ಮಾಡಿಬಿಡೋಣ."

ಈ ಎರಡು ಮಾತುಗಳ ನಡುವೆ ಏನೆಲ್ಲ ಕಳೆದುಹೋಗಬಹುದೆಂಬುದನ್ನು ಗಡಿನಾಡಿನ ಕನ್ನಡ ಅಧ್ಯಾಪಕರು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು. ಕಾರ್ಯಾಚರಣ ವ್ಯವಸ್ಥೆಯನ್ನು ಮತ್ತೊಮ್ಮೆ ಹಾಕಿಸಬಹುದು. ಅದರ ಪ್ರತಿ ಎಲ್ಲ ಕಡೆಯೂ ಸಿಗುತ್ತದೆ. ಆದರೆ ಆ ಅಧ್ಯಾಪಿಕೆ ವರ್ಷಗಳಿಂದ ರಾತ್ರಿ ಕುಳಿತು ಕನ್ನಡಕ್ಕೆ ತಂದ ಅಭ್ಯಾಸ ಹಾಳೆಗಳು, ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು, ಮಕ್ಕಳು ತಮ್ಮ ಅಜ್ಜಿಯಂದಿರ ಬಾಯಿಂದ ಧ್ವನಿಮುದ್ರಿಸಿ ತಂದ ಹಾಡುಗಳು ಇನ್ನೆಲ್ಲಿಯೂ ಇಲ್ಲ. ಬಹುಸಂಖ್ಯಾತರ ಭಾಷೆಯಲ್ಲಿ ಕಲಿಸುವವರಿಗೆ ಒಂದು ಕಡತ ಹೋದರೆ ಪಕ್ಕದ ಶಾಲೆಯಿಂದ ಹತ್ತು ಬರುತ್ತವೆ. ಕನ್ನಡ ವಿಭಾಗ ಒಂದೇ ಇರುವ ಊರಿನಲ್ಲಿ ಆ ಅನುಕೂಲವಿಲ್ಲ. ಆದುದರಿಂದ ಪರದೆಯ ತೊಂದರೆಯೆಂಬ ಈ ಸಣ್ಣ ವಿಷಯ ಇಲ್ಲಿ ಸಣ್ಣದಾಗಿ ಉಳಿಯುವುದಿಲ್ಲ.

ಮೊದಲು ಮನಸ್ಸಿಗೆ ಧೈರ್ಯ ತರುವ ಒಂದು ಸಂಗತಿ. ಅಪ್‌ಡೇಟಿನ ಬೆನ್ನಿಗೇ ಪರದೆ ಕಪ್ಪಾದರೆ ಹೆಚ್ಚಿನ ಸಂದರ್ಭಗಳಲ್ಲಿ ಪರದೆಯೂ ಕೆಟ್ಟಿರುವುದಿಲ್ಲ, ಕಡತಗಳೂ ಅಳಿದಿರುವುದಿಲ್ಲ. ಕೆಟ್ಟಿರುವುದು ಇವೆರಡರ ನಡುವಣ ಸಂಪರ್ಕ. ಆ ಸಂಪರ್ಕವನ್ನು ನಡೆಸುವ ತಂತ್ರಾಂಶಕ್ಕೆ ಡಿಸ್‌ಪ್ಲೇ ಡ್ರೈವರ್ ಎಂದು ಹೆಸರು.

ಡ್ರೈವರ್ ಎಂದರೆ ದುಭಾಷಿ. ಈ ಹೋಲಿಕೆ ಗಡಿನಾಡಿನವರಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ. ಕಚೇರಿಯ ಅಧಿಕಾರಿಯ ಭಾಷೆ ಒಂದು, ಅರ್ಜಿ ಹಿಡಿದು ನಿಂತ ರೈತನ ಭಾಷೆ ಇನ್ನೊಂದು. ಎರಡನ್ನೂ ಬಲ್ಲವನೊಬ್ಬ ನಡುವೆ ನಿಂತರೆ ಮಾತ್ರ ಕೆಲಸ ಸಾಗುತ್ತದೆ. ಕಂಪ್ಯೂಟರಿನಲ್ಲಿ ಅಧಿಕಾರಿಯ ಸ್ಥಾನ ಕರ್ನೆಲ್‌ನದು, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳಿನದು. ಚಿತ್ರ ಬರೆಯುವ ಗ್ರಾಫಿಕ್ಸ್ ಚಿಪ್ಪಿಗೆ ತನ್ನದೇ ಆದ ಭಾಷೆಯಿದೆ. ಅಪ್‌ಡೇಟ್ ಆದಾಗ ಹಲವು ಬಾರಿ ಕರ್ನೆಲ್ ಬದಲಾಗುತ್ತದೆ, ಎಂದರೆ ಕುರ್ಚಿಗೆ ಹೊಸ ಅಧಿಕಾರಿ ಬರುತ್ತಾನೆ. ಹಳೆಯ ಅಧಿಕಾರಿಯೊಡನೆ ಹೊಂದಿಕೊಂಡಿದ್ದ ದುಭಾಷಿಗೆ ಹೊಸಬನ ಬಳಿ ಪ್ರವೇಶವಿಲ್ಲ. ಹೊಸ ಕರ್ನೆಲ್‌ಗೆಂದು ಡ್ರೈವರ್ ಮತ್ತೆ ಸಿದ್ಧಗೊಳ್ಳಬೇಕು. ಆ ಸಿದ್ಧತೆ ಅರ್ಧದಲ್ಲಿ ನಿಂತರೆ ಅಧಿಕಾರಿಯೂ ಇದ್ದಾನೆ, ರೈತನೂ ಇದ್ದಾನೆ, ಆದರೆ ಮಾತುಕತೆ ಮಾತ್ರ ಇಲ್ಲ. ಪರದೆಯ ಕತ್ತಲೆಯ ಅರ್ಥ ಇಷ್ಟೇ.

ಕೇರಳದ ಶಾಲೆಗಳಲ್ಲಿ ಈ ಪ್ರಶ್ನೆಗೆ ಒಂದು ವಿಶೇಷ ಹಿನ್ನೆಲೆಯುಂಟು. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಕ್ರಮೇಣ ಸ್ವತಂತ್ರ ತಂತ್ರಾಂಶವನ್ನು ಆಶ್ರಯಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯ ರೂಪ ತಾಳಿದ ಮೇಲೂ ಶಾಲೆಗಳ ಲ್ಯಾಪ್‌ಟಾಪುಗಳಲ್ಲಿ ಇರುವುದು ಉಬುಂಟುವನ್ನು ಆಧರಿಸಿ ಸಿದ್ಧಪಡಿಸಿದ ಲಿನಕ್ಸ್ ವ್ಯವಸ್ಥೆಯೇ. ಆದ್ದರಿಂದ ಮುಂದಿನ ಮಾತುಗಳು ಮುಖ್ಯವಾಗಿ ಉಬುಂಟುವಿಗೆ ಸಂಬಂಧಿಸಿವೆ. ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬಳಸುವವರಿಗಾಗಿ ಕೆಲವು ಮಾತುಗಳನ್ನು ಕೊನೆಯ ಭಾಗದಲ್ಲಿ ಸೇರಿಸಿದೆ.

ದುರಸ್ತಿಗೆ ಕೈಹಾಕುವ ಮೊದಲು ನೋಡಬೇಕಾದುದು, ಕೆಲಸ ಎಲ್ಲಿ ನಿಂತಿದೆ ಎಂಬುದನ್ನು. ವೈದ್ಯರು ಔಷಧ ಬರೆಯುವ ಮೊದಲು ಕೇಳುವ ಪ್ರಶ್ನೆಗಳಂತೆ ಇಲ್ಲಿ ಮೂರು ಪರೀಕ್ಷೆಗಳಿವೆ. ಇವುಗಳಿಗೆ ಯಾವ ವಿಶೇಷ ಜ್ಞಾನವೂ ಬೇಡ.

ಮೊದಲನೆಯದು, ಲಾಂಛನದ ಪರೀಕ್ಷೆ. ಗುಂಡಿ ಒತ್ತಿದ ಕೂಡಲೆ ತಯಾರಕರ ಲಾಂಛನ ಸ್ಪಷ್ಟವಾಗಿ ಮೂಡಿದರೆ ಪರದೆ, ಅದರ ತಂತಿ, ಹಿಂದಿನ ಬೆಳಕು ಮೂರೂ ಕೆಲಸ ಮಾಡುತ್ತಿವೆ ಎಂದು ತಿಳಿಯಬಹುದು. ಲಾಂಛನ ಮೂಡುವ ಹೊತ್ತಿಗೆ ಕಾರ್ಯಾಚರಣ ವ್ಯವಸ್ಥೆ ಇನ್ನೂ ಎದ್ದಿರುವುದಿಲ್ಲ; ಅದರ ಡ್ರೈವರಿಗೂ ಆ ಲಾಂಛನಕ್ಕೂ ಸಂಬಂಧವಿಲ್ಲ. ಲಾಂಛನ ಬಂದು ಆಮೇಲೆ ಕತ್ತಲಾದರೆ ಸಂಶಯ ತಂತ್ರಾಂಶದ ಮೇಲೆ. ಲಾಂಛನವೇ ಬಾರದಿದ್ದರೆ ಸಂಶಯ ಯಂತ್ರಾಂಶದ ಮೇಲೆ.

ಎರಡನೆಯದು, ಟಾರ್ಚಿನ ಪರೀಕ್ಷೆ. ಕತ್ತಲೆಯ ಪರದೆಗೆ ಓರೆಯಾಗಿ ಟಾರ್ಚ್ ಹಿಡಿದಾಗ ಒಳಗೆ ಮಸುಕಾಗಿ ಚಿತ್ರ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು ಮಾತ್ರ ಇಲ್ಲ ಎಂದಾಯಿತು. ಪ್ರಕಾಶ ಹೆಚ್ಚಿಸುವ ಕೀಲಿಯನ್ನು ಮೊದಲು ಒತ್ತಿ ನೋಡಬೇಕು. ಅದರಿಂದ ಫಲವಿಲ್ಲದಿದ್ದರೆ ಹಳೆಯ ಕರ್ನೆಲ್ಲಿನಿಂದ ಎಬ್ಬಿಸಿ ನೋಡಬೇಕು. ಆ ವಿಧಾನ ಮುಂದೆ ಬರುತ್ತದೆ. ಆಗಲೂ ಬೆಳಕು ಬಾರದಿದ್ದರೆ ಅದು ದುರಸ್ತಿ ಕೇಂದ್ರದ ಕೆಲಸ.

ಮೂರನೆಯದು, ಪ್ರೊಜೆಕ್ಟರಿನ ಪರೀಕ್ಷೆ. ತರಗತಿಯಲ್ಲಿರುವ ಪ್ರೊಜೆಕ್ಟರಿಗೆ ಲ್ಯಾಪ್‌ಟಾಪನ್ನು ಜೋಡಿಸಿದಾಗ ಗೋಡೆಯ ಮೇಲೆ ಚಿತ್ರ ಸರಿಯಾಗಿ ಬಂದರೆ ಒಳಗೆ ಎಲ್ಲವೂ ನಡೆಯುತ್ತಿದೆ. ಚಿತ್ರ ಲ್ಯಾಪ್‌ಟಾಪಿನ ಸ್ವಂತ ಪರದೆಗೆ ಹೋಗುತ್ತಿಲ್ಲ ಅಷ್ಟೆ. ಹಾಗಿದ್ದಲ್ಲಿ ಮಾಡಬೇಕಾದ ಮೊದಲ ಕೆಲಸ ದುರಸ್ತಿಯಲ್ಲ; ಪೆನ್‌ಡ್ರೈವ್ ಹಾಕಿ ಕಡತಗಳನ್ನು ನಕಲು ಮಾಡಿಕೊಳ್ಳುವುದು.

ಪರದೆ ಪೂರ್ತಿ ಕಪ್ಪಾಗದೆ ಬೇರೆ ರೀತಿಯಲ್ಲಿ ವಿಕಾರವಾಗುವುದೂ ಉಂಟು. ಅಕ್ಷರಗಳು ದೊಡ್ಡದಾಗಿ, ಒರಟಾಗಿ ಕಂಡು, 1366×768 ಇರಬೇಕಾದ ಅಳತೆ 1024×768ಕ್ಕೆ ಇಳಿದು, ವೀಡಿಯೊ ಪಾಠ ತಡವರಿಸುತ್ತಿದ್ದರೆ ನಿಜವಾದ ಡ್ರೈವರ್ ಬಂದಿಲ್ಲ, ಬದಲಿ ಏರ್ಪಾಡೊಂದು ಹೇಗೋ ಕೆಲಸ ನಡೆಸುತ್ತಿದೆ ಎಂದರ್ಥ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಗ್ರಾಫಿಕ್ಸ್ ಎಂಬ ಸಾಲಿನೆದುರು ಚಿಪ್ಪಿನ ಹೆಸರಿಗೆ ಬದಲಾಗಿ ಎಲ್‌ಎಲ್‌ವಿಎಂಪೈಪ್ ಎಂದಿದ್ದರೆ ಅದು ಖಚಿತ. ಆದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳೋ ಒತ್ತಕ್ಷರ ಕಳಚಿದ ಸಾಲುಗಳೋ ಕಂಡು, ಉಳಿದ ಚಿತ್ರಗಳೆಲ್ಲ ಸರಿಯಾಗಿದ್ದರೆ ಅದು ಡ್ರೈವರಿನ ತಪ್ಪಲ್ಲ, ಫಾಂಟಿನದು. ಕನ್ನಡ ಫಾಂಟನ್ನು ಹಾಕಿಕೊಂಡರೆ ಸರಿಹೋಗುವ ತೊಂದರೆಗೆ ಇಡೀ ವ್ಯವಸ್ಥೆಯನ್ನು ಅಳಿಸಿ ಹಾಕುವುದು ವಿವೇಕವಲ್ಲ.

ಇನ್ನು ಪರಿಹಾರದ ಮಾತು. ಉಬುಂಟು ಹೊಸ ಕರ್ನೆಲ್ ಹಾಕಿಕೊಂಡಾಗ ಹಿಂದಿನದನ್ನು ಕೂಡಲೆ ಎಸೆಯುವುದಿಲ್ಲ. ಸಾಮಾನ್ಯವಾಗಿ ಅದನ್ನು ಪಕ್ಕದಲ್ಲಿ ಉಳಿಸಿಕೊಂಡಿರುತ್ತದೆ. ಎಂದರೆ ನಿನ್ನೆ ಸಂಜೆಯವರೆಗೆ ಸರಿಯಾಗಿ ನಡೆದ ಏರ್ಪಾಡು ಇನ್ನೂ ಒಳಗೇ ಇದೆ. ಅದನ್ನು ಎಬ್ಬಿಸುವ ದಾರಿ ತಿಳಿದಿರಬೇಕು, ಅಷ್ಟೆ.

ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಬೇಕು. ಲಾಂಛನ ಕಾಣುತ್ತಿರುವಾಗ ಎಸ್ಕೇಪ್ ಕೀಲಿಯನ್ನು ಒಂದು ಬಾರಿ ಒತ್ತಬೇಕು. ಹಳೆಯ ಮಾದರಿಯ ಯಂತ್ರಗಳಲ್ಲಾದರೆ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದಿರಬೇಕು. ಗ್ರಬ್ ಎಂಬ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್ ಎಂದು ಆರಂಭವಾಗುವ ಸಾಲನ್ನು ಆಯ್ದರೆ ಕರ್ನೆಲ್‌ಗಳ ಪಟ್ಟಿ ಬರುತ್ತದೆ. ಪ್ರತಿಯೊಂದು ಕರ್ನೆಲ್‌ಗೂ ಎರಡೆರಡು ಸಾಲು: ಒಂದು ಸಾಮಾನ್ಯ, ಇನ್ನೊಂದು ರಿಕವರಿ ಮೋಡ್. ಎಲ್ಲಕ್ಕಿಂತ ಮೇಲಿನದು ಹೊಸದು, ಅದರ ಕೆಳಗಿನದು ಹಳೆಯದು. ಹಳೆಯ ಕರ್ನೆಲ್ಲಿನ ಸಾಮಾನ್ಯ ಸಾಲನ್ನು ಆರಿಸಿ ಎಂಟರ್ ಒತ್ತಬೇಕು. ಪರದೆ ಎಂದಿನಂತೆ ಬಂದರೆ ರೋಗವೂ ತಿಳಿಯಿತು, ತಾತ್ಕಾಲಿಕ ಮದ್ದೂ ಸಿಕ್ಕಿತು. ಪರೀಕ್ಷೆ ಮುಗಿಯುವವರೆಗೆ ದಿನವೂ ಇದೇ ಸಾಲಿನಿಂದ ಯಂತ್ರವನ್ನು ಎಬ್ಬಿಸಿಕೊಂಡು ಕೆಲಸ ನಡೆಸಬಹುದು. ಆಯ್ದ ಸಾಲಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಮೇಲೆ ಅಂಟಿಸಿಟ್ಟರೆ ಬೇರೆ ಅಧ್ಯಾಪಕರಿಗೂ ಅನುಕೂಲ.

ಹಳೆಯ ಕರ್ನೆಲ್ಲಿನಲ್ಲೂ ಕತ್ತಲೆಯೇ ಇದ್ದರೆ ರಿಕವರಿ ಮೋಡಿನ ಸಾಲನ್ನು ಆರಿಸಬೇಕು. ಬಿಳಿ ಅಕ್ಷರಗಳು ಸಾಲುಸಾಲಾಗಿ ಓಡಿದ ಮೇಲೆ ಒಂದು ಸಣ್ಣ ಪಟ್ಟಿ ಮೂಡುತ್ತದೆ. ಅದರಲ್ಲಿ ರೆಸ್ಯೂಮ್ ಎಂಬುದನ್ನು ಒತ್ತಿದರೆ ವಿಶೇಷ ಡ್ರೈವರಿನ ಗೊಡವೆಯಿಲ್ಲದೆ, ಒರಟಾದ ಚಿತ್ರದೊಡನೆ, ವ್ಯವಸ್ಥೆ ಎದ್ದು ನಿಲ್ಲುವ ಸಂಭವವುಂಟು. ಚಿತ್ರ ಚೆನ್ನಾಗಿಲ್ಲವೆಂದು ಬೇಸರಿಸಬಾರದು. ಕಡತಗಳನ್ನು ಪೆನ್‌ಡ್ರೈವಿಗೆ ಸಾಗಿಸಲು ಅಷ್ಟು ಬೆಳಕು ಸಾಕು. ಅದೇ ಪಟ್ಟಿಯಲ್ಲಿ ಡಿಪಿಕೆಜಿ ಎಂಬ ಇನ್ನೊಂದು ಆಯ್ಕೆಯಿದೆ. ಅದು ಅರ್ಧದಲ್ಲಿ ನಿಂತ ತಂತ್ರಾಂಶ ಸ್ಥಾಪನೆಯನ್ನು ಪೂರ್ತಿಗೊಳಿಸಲು ಯತ್ನಿಸುತ್ತದೆ. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪಿನಲ್ಲಿ ಮಳೆಗಾಲದ ಸಂಜೆ ಅಪ್‌ಡೇಟ್ ನಡೆಯುತ್ತಿರುವಾಗಲೇ ಕರೆಂಟು ಹೋಗಿದ್ದರೆ ಈ ಒಂದೇ ಆಯ್ಕೆ ಎಲ್ಲವನ್ನೂ ಸರಿಪಡಿಸುವುದುಂಟು. ಜಾಗ ಖಾಲಿ ಮಾಡುವ ಕ್ಲೀನ್ ಎಂಬ ಆಯ್ಕೆಯೂ ಅಲ್ಲೇ ಇದೆ. ಡಿಸ್ಕ್ ತುಂಬಿದ್ದರಿಂದಲೂ ಅಪ್‌ಡೇಟ್ ಅರ್ಧಕ್ಕೆ ನಿಲ್ಲಬಹುದು. ಆದರೆ ಆ ಆಯ್ಕೆ ಬೇಡವೆನಿಸಿದ ಹಳೆಯ ಕರ್ನೆಲ್‌ಗಳನ್ನೂ ಗುಡಿಸಬಹುದಾದ್ದರಿಂದ ಕಡತಗಳ ನಕಲು ಕೈಗೆ ಬಂದ ಮೇಲೆಯೇ ಅದನ್ನು ಮುಟ್ಟುವುದು ಲೇಸು.

ಪರದೆ ಹೇಗಾದರೂ ತೆರೆದುಕೊಂಡ ಮೇಲೆ ಶಾಶ್ವತ ಪರಿಹಾರವನ್ನು ಯೋಚಿಸಬೇಕು. ಇಲ್ಲಿ ಚಿಪ್ಪಿನ ಜಾತಿ ಮುಖ್ಯ. ಇಂಟೆಲ್ ಮತ್ತು ಎಎಂಡಿ ಚಿಪ್ಪುಗಳ ಡ್ರೈವರ್ ಕರ್ನೆಲ್ಲಿನ ಒಳಗೇ ಅಡಕವಾಗಿರುತ್ತದೆ. ಸಾಮಾನ್ಯ ಬಳಕೆಗೆ ಅದನ್ನು ಹೊರಗಿನಿಂದ ತಂದು ಹಾಕುವ ಅಗತ್ಯವಿಲ್ಲ. ಡ್ರೈವರ್ ಕೊಡುತ್ತೇವೆಂದು ಅಂತರ್ಜಾಲದಲ್ಲಿ ಕರೆಯುವ ಅಪರಿಚಿತ ತಾಣಗಳಿಂದ ಏನನ್ನೂ ಇಳಿಸಿಕೊಳ್ಳಬಾರದು. ಇಂತಹ ಯಂತ್ರದಲ್ಲಿ ಹೊಸ ಕರ್ನೆಲ್ ತೊಂದರೆ ಕೊಟ್ಟರೆ, ದೋಷ ಸರಿಪಡಿಸಿದ ಮುಂದಿನ ಕರ್ನೆಲ್ ಬರುವವರೆಗೆ ಹಳೆಯದರಲ್ಲಿ ಇರುವುದೇ ಸರಿಯಾದ ದಾರಿ.

ಎನ್‌ವಿಡಿಯಾ ಚಿಪ್ಪಿನ ಕಥೆ ಬೇರೆ. ಆ ಸಂಸ್ಥೆಯ ಡ್ರೈವರ್ ಪ್ರತ್ಯೇಕವಾದುದು. ಪ್ರತಿ ಹೊಸ ಕರ್ನೆಲ್‌ಗೂ ಅದು ಹೊಂದಿಕೆಯಾಗಬೇಕು. ಸಾಫ್ಟ್‌ವೇರ್ ಆಂಡ್ ಅಪ್‌ಡೇಟ್ಸ್ ಎಂಬಲ್ಲಿ ಅಡಿಷನಲ್ ಡ್ರೈವರ್ಸ್ ಪುಟ ತೆರೆದರೆ ಯಂತ್ರಕ್ಕೆ ಹೊಂದುವ ಡ್ರೈವರ್‌ಗಳು ಕಾಣುತ್ತವೆ. ಶಿಫಾರಸು ಮಾಡಿದ್ದೆಂದು ಗುರುತಿರುವುದನ್ನು ಆರಿಸಿ ಮತ್ತೆ ಸ್ಥಾಪಿಸಬೇಕು. ಅದೂ ಕೈಕೊಟ್ಟರೆ ನೂವೊ ಎಂಬ ಸ್ವತಂತ್ರ ಡ್ರೈವರಿಗೆ ಬದಲಿಸಬೇಕು. ಪಾಠ ತೋರಿಸುವುದಕ್ಕೆ, ಬರಹ ಸಿದ್ಧಪಡಿಸುವುದಕ್ಕೆ ಅದು ಧಾರಾಳ ಸಾಕು.

ಇಲ್ಲಿ ಹಲವರು ಎಡವುವ ಒಂದು ಮೆಟ್ಟಿಲಿದೆ. ಸೆಕ್ಯೂರ್ ಬೂಟ್ ಎಂಬ ಕಾವಲು ಚಾಲ್ತಿಯಲ್ಲಿದ್ದರೆ, ಸಹಿಯಿಲ್ಲದ ಡ್ರೈವರನ್ನು ಕರ್ನೆಲ್ ಒಳಗೆ ಬಿಡುವುದಿಲ್ಲ. ಆದುದರಿಂದ ಡ್ರೈವರ್ ಹಾಕುವಾಗ ವ್ಯವಸ್ಥೆ ಒಂದು ಗುಪ್ತಪದವನ್ನು ಕೇಳಬಹುದು. ಮರಳಿ ಎಬ್ಬಿಸಿದಾಗ ನೀಲಿ ಬಣ್ಣದ ಪರದೆಯೊಂದು ಕೆಲವೇ ಕ್ಷಣ ಕಾದು ನಿಲ್ಲುತ್ತದೆ. ಅದರಲ್ಲಿ ಎನ್‌ರೋಲ್ ಎಂದು ಆರಂಭವಾಗುವ ಸಾಲನ್ನು ಆಯ್ದು ಅದೇ ಗುಪ್ತಪದವನ್ನು ಕೊಡಬೇಕು. ಆ ನೀಲಿ ಪರದೆಯನ್ನು ಕಂಡು ಹೆದರಿ ಬಿಟ್ಟುಬಿಟ್ಟರೆ ಡ್ರೈವರ್ ಒಳಗಿದ್ದೂ ಇಲ್ಲದಂತೆ.

ವಿಂಡೋಸ್ ಬಳಸುವವರಿಗೂ ಹಿಂದಿರುಗುವ ದಾರಿಗಳಿವೆ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಎಂಬ ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮಾತ್ರ ಹೊಸದಾಗಿ ಆರಂಭಗೊಳ್ಳುತ್ತದೆ. ಪರದೆ ಒಮ್ಮೆ ಮಿನುಗುತ್ತದೆ, ತೆರೆದಿಟ್ಟ ಕಡತ ಹಾಗೆಯೇ ಉಳಿಯುತ್ತದೆ. ಪರದೆ ಕಾಣುತ್ತಿದ್ದರೂ ಚಿತ್ರ ಒರಟಾಗಿದ್ದರೆ ಡಿವೈಸ್ ಮ್ಯಾನೇಜರಿನ ಡಿಸ್‌ಪ್ಲೇ ಅಡಾಪ್ಟರ್ಸ್ ವಿಭಾಗದಲ್ಲಿ ಚಿಪ್ಪಿನ ಹೆಸರಿನ ಗುಣಲಕ್ಷಣಗಳನ್ನು ತೆರೆದು ರೋಲ್ ಬ್ಯಾಕ್ ಡ್ರೈವರ್ ಎಂಬುದನ್ನು ಒತ್ತಬೇಕು. ಹಿಂದಿನ ಡ್ರೈವರ್ ಉಳಿದಿದ್ದರೆ ಅದು ಮರಳುತ್ತದೆ. ಏನೂ ಕಾಣದಿದ್ದರೆ, ವಿಂಡೋಸ್ ಏಳುತ್ತಿರುವಾಗ ವಿದ್ಯುತ್ ಗುಂಡಿಯನ್ನು ಒತ್ತಿ ಹಿಡಿದು ಆರಿಸುವುದನ್ನು ಎರಡು ಮೂರು ಬಾರಿ ಮಾಡಿದಾಗ ದುರಸ್ತಿಯ ಪುಟ ತಾನಾಗಿ ತೆರೆದುಕೊಳ್ಳುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್‌ಡ್ ಆಪ್ಷನ್ಸ್, ಅದರೊಳಗೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಎಂಬ ಆಯ್ಕೆಯಿದೆ. ಕೊನೆಯ ಅಪ್‌ಡೇಟನ್ನು ಅದು ಹಿಂತೆಗೆಯುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಈ ಹಂತದಲ್ಲಿ ಅದರ ಉದ್ದನೆಯ ಮರುಪಡೆಯುವ ಸಂಖ್ಯೆಯನ್ನು ಕೇಳಬಹುದು. ಅದನ್ನು ಮೊದಲೇ ಬರೆದು ಬೇರೆಡೆ ಇಟ್ಟಿರಬೇಕು.

ಯಾವ ದಾರಿಯೂ ಫಲಿಸದೆ ಫಾರ್ಮ್ಯಾಟ್ ಅನಿವಾರ್ಯವಾಗುವ ಸಂದರ್ಭವೂ ಬರಬಹುದು. ಆಗಲೂ ಕಡತಗಳನ್ನು ಬಿಟ್ಟುಕೊಡಬೇಕಾಗಿಲ್ಲ. ಉಬುಂಟು ಇರುವ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಸ್ಥಾಪಿಸದೆ ಬಳಸಿ ನೋಡುವ ಆಯ್ಕೆಯನ್ನು ಒತ್ತಿದರೆ, ಗೂಢಲಿಪಿಯ ಬೀಗ ಹಾಕಿರದ ಡಿಸ್ಕಿನ ಕಡತಗಳೆಲ್ಲ ಕಾಣುತ್ತವೆ. ಅವುಗಳನ್ನು ನಕಲು ಮಾಡಿಕೊಂಡ ಬಳಿಕವೇ ಅಳಿಸುವ ಕೆಲಸಕ್ಕೆ ಒಪ್ಪಿಗೆ ಕೊಡತಕ್ಕದ್ದು. ಯಂತ್ರ ಹಿಂದಿರುಗಿದ ಮೇಲೆ ಕನ್ನಡದ ಕೀಲಿಮಣೆ ವಿನ್ಯಾಸ, ಕನ್ನಡ ಫಾಂಟುಗಳು ಇವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಬೇಕು. ನುಡಿಯಂತಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬರೆದ ಕಡತಗಳಿದ್ದರೆ, ಆ ಫಾಂಟೇ ಇಲ್ಲದೆ ಅವು ಓದಲು ಬಾರದ ಗುರುತುಗಳಾಗಿ ತೋರುತ್ತವೆ. ಕಡತ ಕೆಟ್ಟಿತೆಂದು ಅವನ್ನು ಎಸೆಯಬಾರದು.

ಮುನ್ನೆಚ್ಚರಿಕೆ ಎಲ್ಲ ದುರಸ್ತಿಗಿಂತ ಅಗ್ಗ. ಅಪ್‌ಡೇಟನ್ನು ಪೂರ್ತಿ ನಿಲ್ಲಿಸುವುದು ಸರಿಯಲ್ಲ, ಏಕೆಂದರೆ ಸುರಕ್ಷತೆಯ ತೂತುಗಳನ್ನು ಮುಚ್ಚುವುದು ಅದೇ. ಆದರೆ ಪರೀಕ್ಷೆಯ ವಾರದಲ್ಲಿ, ಮನೆಗೆ ಹೊರಡುವ ಹೊತ್ತಿನಲ್ಲಿ, ಬ್ಯಾಟರಿಯನ್ನು ನಂಬಿಕೊಂಡು ಅಪ್‌ಡೇಟಿಗೆ ಒಪ್ಪಿಗೆ ಕೊಡಬಾರದು. ಲ್ಯಾಬಿನ ಎಲ್ಲ ಯಂತ್ರಗಳನ್ನೂ ಒಂದೇ ದಿನ ಅಪ್‌ಡೇಟ್ ಮಾಡದೆ, ಒಂದನ್ನು ಮಾಡಿ ಎರಡು ಮೂರು ದಿನ ನೋಡಿ ಉಳಿದವುಗಳಿಗೆ ಕೈಹಾಕಬೇಕು. ಕನ್ನಡದಲ್ಲಿ ಸಿದ್ಧಪಡಿಸಿದ ಪ್ರತಿಯೊಂದು ಪಾಠಕ್ಕೂ ಯಂತ್ರದ ಹೊರಗೆ ಒಂದು ಪ್ರತಿ ಇರಲೇಬೇಕು. ಶಾಲೆಯಲ್ಲೊಂದು ಪೆನ್‌ಡ್ರೈವ್, ಇನ್ನೊಂದು ಕನ್ನಡ ಶಾಲೆಯ ಅಧ್ಯಾಪಕರ ಬಳಿ ಇನ್ನೊಂದು ಎಂಬ ಏರ್ಪಾಡಿದ್ದರೆ ಮತ್ತೂ ಒಳ್ಳೆಯದು.

ಈ ಕೆಲಸವನ್ನು ಮಕ್ಕಳ ಕಣ್ಣೆದುರೇ ಮಾಡುವುದರಲ್ಲಿ ತಪ್ಪಿಲ್ಲ. ಪ್ರೌಢಶಾಲೆಗಳಲ್ಲಿ 2018ರಿಂದ ನಡೆದುಬಂದಿರುವ ಲಿಟ್ಲ್ ಕೈಟ್ಸ್ ಘಟಕಗಳ ವಿದ್ಯಾರ್ಥಿಗಳು ಹಳೆಯ ಕರ್ನೆಲ್ಲಿನಿಂದ ಯಂತ್ರವನ್ನು ಎಬ್ಬಿಸುವುದನ್ನು ಒಮ್ಮೆ ಕಂಡರೆ ಮರೆಯಲಾರರು. ಕನ್ನಡದಲ್ಲಿ ವಿವರಿಸಿದ ಒಂದು ದುರಸ್ತಿ, ಪುಸ್ತಕದ ಹತ್ತು ಪುಟಗಳಿಗಿಂತ ಹೆಚ್ಚು ಕಲಿಸುತ್ತದೆ. ತಂತ್ರಜ್ಞಾನದ ವಿಷಯ ಕನ್ನಡದಲ್ಲಿ ಆಡುವಂತಹುದಲ್ಲವೆಂಬ ಭಾವನೆಯೂ ಆಗ ಸಡಿಲವಾಗುತ್ತದೆ.

ಮೊದಲು ಹೇಳಿದ ಅಧ್ಯಾಪಿಕೆಯ ಕಡೆಗೆ ಈಗ ಮರಳಬಹುದು. ಅವರು ಎರಡನೆಯ ಬಾರಿ ಫೋನ್ ಮಾಡುತ್ತಾರೆ ಎಂದುಕೊಳ್ಳೋಣ. ಈ ಸಲ ಅವರ ಮಾತು ಬೇರೆ: "ಲಾಂಛನ ಸರಿಯಾಗಿ ಬರುತ್ತದೆ, ಆಮೇಲೆ ಕತ್ತಲಾಗುತ್ತದೆ. ಪ್ರೊಜೆಕ್ಟರಿನಲ್ಲೂ ಏನೂ ಇಲ್ಲ. ನಿನ್ನೆ ಸಂಜೆ ಅಪ್‌ಡೇಟ್ ಆಗಿದೆ. ಪಟ್ಟಿಯ ಎರಡನೆಯ ಕರ್ನೆಲ್ಲಿನಿಂದ ಎಬ್ಬಿಸಿದರೆ ಎಲ್ಲವೂ ಸರಿಯಿದೆ." ಇದನ್ನು ಕನ್ನಡದಲ್ಲಿ ಹೇಳಿದರೂ ಮಲಯಾಳದಲ್ಲಿ ಹೇಳಿದರೂ ಆ ಕಡೆಯವರು ಫಾರ್ಮ್ಯಾಟಿನ ಮಾತೆತ್ತುವುದಿಲ್ಲ, ಏಕೆಂದರೆ ರೋಗ ಎಲ್ಲಿದೆಯೆಂದು ಅವರಿಗೆ ತಿಳಿದುಹೋಗಿದೆ. ಹಾಳಾಗಿದೆ ಎಂದಷ್ಟೇ ಹೇಳುವವರ ಯಂತ್ರ ಅಳಿಸಿ ಹಿಂದಿರುಗುತ್ತದೆ. ಎಲ್ಲಿ ನಿಂತಿತೆಂದು ಹೇಳಬಲ್ಲವರ ಯಂತ್ರ ದುರಸ್ತಿಯಾಗಿ ಹಿಂದಿರುಗುತ್ತದೆ. ಅದರೊಡನೆ ಅಜ್ಜಿಯಂದಿರ ಹಾಡುಗಳೂ ಹಿಂದಿರುಗುತ್ತವೆ.